ಒಂದು ಹೆಸರಿಗೆ ಎದ್ದು ನಿಂತ ಐವರು

೨೦೨೩ರ ನವೆಂಬರ್ ತಿಂಗಳು. ಗೋಕಾಕದ ಹಿರಿಯ ವಕೀಲರೊಬ್ಬರ ಬಳಿ ಜೂನಿಯರ್ ಆಗಿ ಸೇರಿ ನನಗೆ ಎರಡನೆಯ ವರ್ಷ ನಡೆಯುತ್ತಿತ್ತು. ಆ ದಿನ ಹಾಜರಾದ ಕೇಸುಗಳು, ಸಿಕ್ಕ ಮುಂದಿನ ತಾರೀಖುಗಳು, ಕಲಿತ ಹೊಸ ಸಂಗತಿ ಎಂದು ಪ್ರತಿ ಸಂಜೆ ಮೂರು ಸಾಲು ಬರೆದಿಡುವುದು ನನ್ನ ಅಭ್ಯಾಸ. ಆ ವರ್ಷ ಅಲ್ಲಿಯವರೆಗೆ ಮುಂದಿನ ತಾರೀಖು ಕೇಳಲು ಎದ್ದು ನಿಂತದ್ದು ಇನ್ನೂರ ಹದಿನಾಲ್ಕು ಸಲ, ನಿಜವಾಗಿ ವಾದಿಸಲು ಬಾಯಿ ತೆರೆದದ್ದು ಹನ್ನೊಂದು ಸಲ. ಹನ್ನೆರಡನೆಯದು ಯಲ್ಲಪ್ಪನವರ ಕೇಸು.

ಅವರು ಬಂದದ್ದು ಒಂದು ಗುರುವಾರ ಮಧ್ಯಾಹ್ನ. ಮೂವತ್ತೈದರ ಆಸುಪಾಸಿನ ಗಟ್ಟಿಮುಟ್ಟಾದ ಆಳು. ಕುರ್ಚಿ ತೋರಿಸಿದರೂ ಕೂಡಲಿಲ್ಲ.

"ಅಕ್ಕಾರ, ನನ್ನ ಮ್ಯಾಲೆ ವಾರಂಟ್ ಐತಂತ್ರಿ. ಯಾವ ಕೇಸು, ಯಾವ ಕೋರ್ಟು, ಒಂದೂ ಗೊತ್ತಿಲ್ರಿ."

"ಯಾರು ಹೇಳಿದ್ರು?"

"ಪೊಲೀಸ್ರ ಹೇಳಿದ್ರಿ. ನಂಬರೂ ಹೇಳಿದ್ರು. ಆದ್ರ ವಾರಂಟ್ ಅನ್ನೂದು ಕಿವಿಗಿ ಬಿದ್ದ ಮ್ಯಾಲೆ ನನಗ ಮುಂದಿಂದು ಏನೂ ಕೇಳಿಸಲಿಲ್ರಿ."

ಯಲ್ಲಪ್ಪ ಸಂಕೇಶ್ವರದ ಹತ್ತಿರದ ಹಳ್ಳಿಯಲ್ಲಿದ್ದು, ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಿದ್ದರು. ಅಲ್ಲಿನ ಒಂದು ಖಾಸಗಿ ಶಾಲೆಗೆ ಬಸ್ಸಿನ ಡ್ರೈವರ್ ಬೇಕಾಗಿತ್ತು. ವರ್ಷಪೂರ್ತಿ ಪಗಾರ ಬರುವ ಕೆಲಸ. ಇವರನ್ನು ಆರಿಸಿಯೂ ಆಗಿತ್ತು. ಮಕ್ಕಳ ವಾಹನ ಓಡಿಸುವವರ ಬಗ್ಗೆ ಪೊಲೀಸ್ ಪರಿಶೀಲನೆ ಆಗಬೇಕು. ಅರ್ಜಿ ಕೊಟ್ಟಾಗಲೇ ಈ ವಾರಂಟ್ ಹೊರಬಿದ್ದದ್ದು. ಸೋಮವಾರದೊಳಗೆ ಸರಿಪಡಿಸಿಕೊಂಡು ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳಬೇಕಾಗುತ್ತದೆ ಎಂದು ಶಾಲೆಯ ಹೆಡ್‌ಮೇಡಂ ಹೇಳಿದ್ದರು. ಇನ್ನೂ ದೊಡ್ಡ ಕಷ್ಟ ಎಂದರೆ, ಯಲ್ಲಪ್ಪನವರ ಮಗಳು ಪ್ರೀತಿ ಅದೇ ಶಾಲೆಯಲ್ಲಿ ಒಂದನೇ ತರಗತಿ.

"ಆಕಿ ಆಗಲೇ ಸಾಲಿ ತುಂಬ ಡಂಗುರ ಹೊಡದಾಳ್ರಿ, ಬಸ್ ನಮ್ಮಪ್ಪ ನಡಸ್ತಾನ ಅಂತ. ಈಗ ಪೊಲೀಸ್ರ ಜೀಪಿನ್ಯಾಗ ಕುಂತರ ನಾ ಆಕಿಗಿ ಏನ ಹೇಳ್ಲಿ?"

ಇಲ್ಲಿ ಒಂದು ವಿವರಣೆ ಅಗತ್ಯ. ಕೋರ್ಟಿಗೆ ಬರಬೇಕಾದ ಆರೋಪಿ ಕರೆದ ದಿನ ಬಾರದಿದ್ದರೆ, ನ್ಯಾಯಾಧೀಶರು ಪೀಠದಿಂದಲೇ ವಾರಂಟ್ ಹೊರಡಿಸುತ್ತಾರೆ. ಅದು ಜಾಮೀನುರಹಿತ ವಾರಂಟ್ ಆಗಿದ್ದರೆ, ಪೊಲೀಸರು ಆ ವ್ಯಕ್ತಿಯನ್ನು ಹಿಡಿದು ತಂದು ಕೋರ್ಟಿನ ಮುಂದೆ ನಿಲ್ಲಿಸಬೇಕು. ಎಷ್ಟೇ ವರ್ಷವಾದರೂ ವಾರಂಟಿಗೆ ವಯಸ್ಸಾಗುವುದಿಲ್ಲ. ಜಾರಿಯಾಗಬೇಕು, ಇಲ್ಲವೇ ಹೊರಡಿಸಿದ ಕೋರ್ಟೇ ಅದನ್ನು ವಾಪಸು ಪಡೆಯಬೇಕು. ಈ ವಾಪಸಾತಿಗೆ ನಾವು ರೀಕಾಲ್ ಎನ್ನುತ್ತೇವೆ. ರೀಕಾಲ್ ಕೇಳಲು ಆರೋಪಿ ತಾನೇ ಬಂದು ನಿಲ್ಲಬೇಕು. ಒಪ್ಪುವುದು, ಜೈಲಿಗೆ ಕಳಿಸುವುದು ಎರಡೂ ನ್ಯಾಯಾಧೀಶರ ಕೈಯಲ್ಲಿವೆ.

ಮೊದಲು ಯಾವ ಕೋರ್ಟು ಎಂದು ಗೊತ್ತಾಗಬೇಕಲ್ಲ. ನ್ಯಾಯಾಲಯಗಳ ವೆಬ್‌ಸೈಟ್ ತೆರೆದು ಹುಕ್ಕೇರಿ, ಸಂಕೇಶ್ವರಗಳಲ್ಲಿ ಹುಡುಕಿದೆ. ಯಲ್ಲಪ್ಪ ಎಂಬ ಹೆಸರಿಗೆ ನಮ್ಮ ಕಡೆ ಬರವಿಲ್ಲ. ಒಬ್ಬ ಯಲ್ಲಪ್ಪನ ತಂದೆಯ ಹೆಸರು ಬೇರೆ, ಇನ್ನೊಬ್ಬನಿಗೆ ಎಪ್ಪತ್ತು ವರ್ಷ, ಮತ್ತೊಬ್ಬ ತಾನೇ ಫಿರ್ಯಾದಿ. ಇವರು ಮಾತ್ರ ಎಲ್ಲೂ ಇರಲಿಲ್ಲ.

ನನ್ನ ಸೀನಿಯರ್ ಒಳಕೋಣೆಯಿಂದ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. "ಈಗ ಎಲ್ಲಿ ಅದಾನ ಅಂತ ಹುಡುಕಾಕತ್ತಿ ಅಲ್ಲ? ಮೊದಲ ಎಲ್ಲಿದ್ದ ಕೇಳವಾ," ಎಂದರು.

ಕೇಳಿದೆ. ಯಲ್ಲಪ್ಪ ದನಿ ತಗ್ಗಿಸಿದರು. "ಮಸಗುಪ್ಪಿಯವ್ರಿ. ಮದುವಿ ಆದ ಮ್ಯಾಲೆ ಮಾವನ ಮನಿಗಿ ಬಂದೇನ್ರಿ." ಮನೆ ಅಳಿಯನಾದ ಸಂಗತಿ ಹೇಳಲು ಅವರಿಗೆ ವಾರಂಟಿಗಿಂತ ಹೆಚ್ಚು ಸಂಕೋಚವಿದ್ದಂತೆ ಕಂಡಿತು.

ಮಸಗುಪ್ಪಿ ಎಂದರೆ ಮೂಡಲಗಿ ಕೋರ್ಟಿಗೆ ಸೇರಿದ ಊರು. ಎರಡೇ ನಿಮಿಷದಲ್ಲಿ ಕೇಸು ಸಿಕ್ಕಿತು. ೨೦೧೬ರ ನಂಬರು, ಸಾರ್ವಜನಿಕ ರಸ್ತೆಗೆ ಅಡ್ಡಿಪಡಿಸಿದ ಆರೋಪ, ಪ್ರತ್ಯೇಕಿಸಿದ ಪ್ರಕರಣ, ವಾರಂಟ್ ಬಾಕಿ. ಓದಿ ಹೇಳಿದಾಗ ಯಲ್ಲಪ್ಪ ಹೆದರುವ ಬದಲು ನಕ್ಕೇಬಿಟ್ಟರು. ಅಲ್ಲಿಯವರೆಗೆ ನಿಂತೇ ಇದ್ದವರು ಈಗ ಕುಳಿತರು.

"ಅಯ್ಯ, ಇದ ಏನ್ರಿ! ಗಾಡಿ ಷರತ್ತಿನ ಕೇಸ ಅದು. ಮುಗದ ಹೋಗೇತಿ ಬಿಡ್ರಿ."

"ಮುಗಿದೈತಿ ಅಂತ ಯಾರು ಹೇಳಿದ್ರು?"

"ನಮ್ಮ ಬಾಳಪ್ಪ."

ನಡೆದದ್ದು ಹೀಗೆ. ಮದುವೆಗೂ ಮೊದಲು ಯಲ್ಲಪ್ಪ ಮತ್ತು ಬಾಳಪ್ಪ ಸೇರಿ ನಾಲ್ವರು ಗೆಳೆಯರು ಡಾಂಬರು ರಸ್ತೆಯ ಮೇಲೆ ಎತ್ತಿನ ಗಾಡಿಗಳ ಓಟ ಕಟ್ಟಿದ್ದರು. ಹಿಂದೆ ಒಂದು ಬಸ್ಸು, ಎರಡು ಲಾರಿ, ಒಂದು ದಿಬ್ಬಣ ಸಿಕ್ಕಿಬಿದ್ದವು. ಐವರ ಮೇಲೂ ಕೇಸಾಯಿತು. ಐವರೂ ಒಂದೇ ಕಾಲುವೆಯ ನೀರು ಉಣ್ಣಿಸುವ ರೈತರು. ಕಾಲುವೆ ನೀರಿಗೆ ಪಾಳಿ ಇರುತ್ತದೆ, ಇಂದು ಇವನ ಹೊಲ, ನಾಳೆ ಅವನದು. ಒಬ್ಬನಿಗೆ ಬರಲಾಗದಿದ್ದರೆ ಬಾಜೂದವನು ಅವನ ಪಾಳಿಯನ್ನೂ ತಿರುವಿ ಅವನ ಹೊಲಕ್ಕೆ ನೀರು ಹಾಯಿಸುತ್ತಾನೆ. ಕೋರ್ಟಿನ ತಾರೀಖಿಗೂ ಇವರು ಹಾಗೆಯೇ ಪಾಳಿ ಹಚ್ಚಿದರು. ಸಲಕ್ಕೊಬ್ಬ ಹೋಗುವುದು, ಬಂದು ಉಳಿದವರಿಗೆ ವರದಿ ಹೇಳುವುದು. ಅವರ ಆಗಿನ ವಕೀಲರು ಉಳಿದ ನಾಲ್ವರ ಪರವಾಗಿ ಆ ದಿನದ ಮಟ್ಟಿಗೆ ವಿನಾಯಿತಿ ಕೋರಿ ಅರ್ಜಿ ಹಾಕುತ್ತಿದ್ದರು. ಆ ಅರ್ಜಿಗಳಿಂದ ಕೆಲಸ ನಡೆಯುತ್ತಿತ್ತು. ಐವರು ಮಾತ್ರ ಪಾಳಿಯಿಂದಲೇ ನಡೆಯುತ್ತಿದೆ ಎಂದು ತಿಳಿದಿದ್ದರು.

ಮುಂದಿನದನ್ನು ಬಾಳಪ್ಪನಿಂದಲೇ ಕೇಳೋಣವೆಂದು ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. ಆತ ಕಬ್ಬಿನ ಗದ್ದೆಯಲ್ಲಿದ್ದ.

"ಬಾಳಪ್ಪ, ಕೇಸು ಮುಗಿದ ದಿನ ಏನಾತು ಹೇಳ್ರಿ."

"ಅವತ್ತ ಎಲ್ಲಾರೂ ಬರಬೇಕು, ಇವತ್ತ ಮುಗಸೂಣು ಅಂತ ವಕೀಲ್ರು ಅಂದಿದ್ರಿ. ಯಲ್ಲ್ಯಾಂದು ಆ ವಾರನ ಮದುವಿ ಇತ್ತು. ಅರಿಶಿಣ ಹಚ್ಚಿದಾಂವನ್ನ ಕೋರ್ಟಿಗಿ ಹ್ಯಾಂಗ ಒಯ್ಯೂದ್ರಿ? ನಿನ್ನ ಪಾಳಿ ನಾವ ತಿರುವತೇವಿ ಹೋಗಂದ್ವಿ. ನಾಕೂ ಮಂದಿ ತಪ್ಪಾತಂತ ಒಪ್ಪಿ ದಂಡ ತುಂಬಿದ್ವಿ. ಅವಂದೂ ಕೊಟ್ವಿ. ಅಲ್ಲೆ ತಗೊಳ್ಳಲಿಲ್ರಿ, ಅಂವನ ಬರಬೇಕು ಅಂದ್ರು."

"ಆಮೇಲೆ?"

"ತಗೋವಲ್ರು ಅಂದ ಮ್ಯಾಲೆ ಮಾಫಿ ಆತು ಅಂದ್ಕೊಂಡ್ವಿ. ಆ ರೊಕ್ಕದ್ದು ಗೋಕಾಕದಾಗ ಕರದಂಟು ತಗೊಂಡು ಮದುವಿಗಿ ಒಯ್ದ್ವಿ. ಛಲೋ ಇತ್ತಲಾ ಯಲ್ಲ್ಯಾ?"

ಯಲ್ಲಪ್ಪ ಫೋನಿನ ಮೇಲೆ ಬಾಗಿದರು. "ಲೇ ಬಾಳ್ಯಾ! ಅಂದ್ರ ನನ್ನ ದಂಡ ನಾನ ತಿಂದೇನೇನಲೇ?"

"ನೀ ಒಬ್ಬನ ಎಲ್ಲಿ ತಿಂದಿ? ಅರ್ಧಾ ನಿನ್ನ ಹೆಂಡ್ತಿ ತಿಂದಾಳ."

ಒಳಕೋಣೆಯಲ್ಲಿ ಸೀನಿಯರ್ ನಗು ತಡೆಯಲಾರದೆ ಕೆಮ್ಮತೊಡಗಿದರು.

ಕೋರ್ಟು ಮಾಡಿದ್ದು ಸರಿಯಾಗಿಯೇ ಇತ್ತು. ಬಂದ ನಾಲ್ವರ ಕೇಸು ಮುಗಿಸಿ, ಬಾರದ ಐದನೆಯವರದನ್ನು ಬೇರ್ಪಡಿಸಿ ಹೊಸ ನಂಬರು ಕೊಟ್ಟಿತ್ತು. ವಾರಂಟ್ ಮಸಗುಪ್ಪಿಯ ವಿಳಾಸಕ್ಕೆ ಹೋಗುತ್ತಿತ್ತು, ಯಲ್ಲಪ್ಪ ಹುಕ್ಕೇರಿ ತಾಲ್ಲೂಕಿನ ಮಾವನ ಮನೆಯಲ್ಲಿದ್ದರು.

ಅದೇ ಸಂಜೆ ರೀಕಾಲ್ ಅರ್ಜಿ ಸಿದ್ಧಪಡಿಸಿದೆವು. ನಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ಇದಕ್ಕೊಂದು ನಮೂನೆ ಇದೆ. ಅದರಲ್ಲಿ ಆರೋಪಿಗೆ ಯಾವಾಗಲೂ ತೀವ್ರ ಜ್ವರ. ಟೈಪಿಸ್ಟ್ ಹೆಸರು ಬದಲಿಸಿ ಹಾಳೆ ತೆಗೆಯಲು ಹೊರಟಿದ್ದ. ಏಳು ವರ್ಷದ ಜ್ವರ ಬಂದ ಮನುಷ್ಯ ಇಷ್ಟು ಗಟ್ಟಿಮುಟ್ಟಾಗಿ ಕಟಕಟೆಯಲ್ಲಿ ನಿಂತರೆ ಹೇಗೆ ಕಾಣುತ್ತದೆ ಎಂದು ಯೋಚಿಸಿ, ನಡೆದದ್ದನ್ನೇ ಬರೆಯುತ್ತೇನೆ ಎಂದೆ. ಸೀನಿಯರ್ ಓದಿ ನೋಡಿದರು. ಕರದಂಟಿನ ಸಾಲೊಂದನ್ನು ಹೊಡೆದುಹಾಕಿ ಉಳಿದದ್ದಕ್ಕೆ ಒಪ್ಪಿದರು. ಮರುದಿನ ಅವರಿಗೆ ಬೆಳಗಾವಿಯಲ್ಲಿ ಕೇಸಿತ್ತು. "ನೀನ ಹೋಗಿ ನಿಂದರು," ಎಂದರು. ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಅರ್ಜಿ ತಿರಸ್ಕೃತವಾದರೆ ಈ ಮನುಷ್ಯ ನನ್ನ ಮಾತು ನಂಬಿ ಜೈಲಿಗೆ ಹೋಗುತ್ತಾರೆ.

ಶುಕ್ರವಾರ ಬೆಳಿಗ್ಗೆ ಮೂಡಲಗಿ ಕೋರ್ಟಿನ ಗೇಟಿನಲ್ಲಿ ಯಲ್ಲಪ್ಪ ಒಂದು ದೊಡ್ಡ ಚೀಲ ಹಿಡಿದು ನಿಂತಿದ್ದರು.

"ಏನ್ರಿ ಇದು?"

"ಹೆಂಡ್ತಿ ಕಟ್ಟಿಕೊಟ್ಟಾಳ್ರಿ. ಹೊದಿಯಾಕ ಕೌದಿ, ಎರಡ ಜೋಡಿ ಅರಿವಿ, ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಒಳಗ ಹಾಕಿದ್ರ ನಾಕ ದಿನಾ ಬೇಕಲ್ರಿ."

ಪಕ್ಕದಲ್ಲಿ ಬಾಳಪ್ಪ ಸೇರಿ ನಾಲ್ಕು ಜನ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಸಾಲಾಗಿ ನಿಂತಿದ್ದರು. ನಿಮ್ಮ ಕೆಲಸ ಏನೂ ಇಲ್ಲ ಎಂದೆ. "ಹ್ಯಾಂಗ ಇಲ್ರಿ? ಅವನ ಪಾಳಿ ಕೆಡಿಸಿದಾವ್ರ ನಾವಲ್ರಿ," ಎಂದ ಬಾಳಪ್ಪ. ಒಳಗೆ ಬಂದರೂ ಸುಮ್ಮನೆ ಕುಳಿತಿರಬೇಕು ಎಂದು ತಾಕೀತು ಮಾಡಿದೆ. ನಾಲ್ವರೂ ತಲೆಯಾಡಿಸಿದರು.

ನಮ್ಮ ಸರದಿ ಬಂದು ಸಿಪಾಯಿ ಯಲ್ಲಪ್ಪನವರ ಹೆಸರು ಕೂಗಿದ. ಐದೂ ಜನ ಎದ್ದು ನಿಂತರು.

ನ್ಯಾಯಾಧೀಶರು ತಲೆ ಎತ್ತಿ ನೋಡಿದರು. "ಇವರಲ್ಲಿ ಯಲ್ಲಪ್ಪ ಯಾರು?"

"ಅಂವರಿ," ಎಂದು ಬಾಳಪ್ಪ ಬೆರಳು ತೋರಿಸಿದ. "ನಾವು ಅವನ ಜೋಡಿಯವ್ರಿ ಸಾಹೇಬ್ರ. ನಮ್ಮದು ಮುಗದೈತಿ."

"ಮುಗಿದಿದ್ದರೆ ಕುಳಿತುಕೊಳ್ಳಿ."

ನಾಲ್ವರೂ ಕುಳಿತರು. ಅರ್ಜಿ ಸಲ್ಲಿಸಿ, ಕಾರಣ ವಿವರಿಸಿದೆ. ಓದುತ್ತಾ ಓದುತ್ತಾ ನ್ಯಾಯಾಧೀಶರು ಕನ್ನಡಕ ತೆಗೆದು ಕೆಳಗಿಟ್ಟರು. ಇದು ಒಳ್ಳೆಯ ಲಕ್ಷಣವೋ ಕೆಟ್ಟದ್ದೋ ನನಗೆ ತಿಳಿಯಲಿಲ್ಲ.

"ಏಳು ವರ್ಷ ಯಾಕೆ ಬರಲಿಲ್ಲ? ನೀವೇ ಹೇಳಿ," ಎಂದು ಯಲ್ಲಪ್ಪನವರನ್ನು ಕೇಳಿದರು.

"ಮುಗದೈತಿ ಅಂದ್ಕೊಂಡಿದ್ನಿರಿ. ನೀರಿನ ಪಾಳಿ ಹಂಗ ಇದೂ ಅಂತ ತಿಳದಿದ್ವಿರಿ. ತಪ್ಪು ನಮ್ಮದ ಐತ್ರಿ."

"ನಿಮ್ಮ ಹೊಲಕ್ಕೆ ಇನ್ನೊಬ್ಬರು ನೀರು ಹಾಯಿಸಬಹುದು. ನಿಮ್ಮ ಬದಲು ಇಲ್ಲಿ ಇನ್ನೊಬ್ಬರು ನಿಲ್ಲಲು ಬರುವುದಿಲ್ಲ. ತಿಳಿಯಿತೇ?"

"ತಿಳೀತ್ರಿ," ಎಂದು ಐದು ದನಿ ಕೇಳಿಬಂದವು. ನ್ಯಾಯಾಧೀಶರು ಈ ಸಲ ನಕ್ಕರು. ಖರ್ಚು ಕಟ್ಟಿಸಿಕೊಂಡು ವಾರಂಟ್ ವಾಪಸು ಪಡೆದರು. ಅಂದೇ ಆರೋಪ ಓದಿ ಹೇಳಿದರು. ಒಪ್ಪಿಕೊಂಡರೆ ಏನಾಗುತ್ತದೆ ಎಂದು ನಾನು ಮೊದಲೇ ವಿವರಿಸಿದ್ದೆ. ಯಲ್ಲಪ್ಪ ಒಪ್ಪಿಕೊಂಡು, ದಂಡವನ್ನು ತಮ್ಮ ಕೈಯಾರೆ ತುಂಬಿದರು. ಹೊರಗೆ ಬೇವಿನ ಮರದ ಕೆಳಗೆ ಚೀಲ ಬಿಚ್ಚಿ, ಜೈಲಿಗೆಂದು ತಂದ ರೊಟ್ಟಿ ಚಟ್ನಿಯನ್ನು ಆರು ಜನ ಕೂಡಿ ಮುಗಿಸಿದೆವು.

ವಾರಂಟ್ ವಾಪಸಾದರೆ ಸಾಲದು, ಆ ಸುದ್ದಿ ಪೊಲೀಸ್ ಠಾಣೆಗೂ ಮುಟ್ಟಬೇಕು. ಅದು ತಾನಾಗಿ ಹೋಗುವುದನ್ನು ಕಾಯುವಷ್ಟು ವೇಳೆ ನಮಗಿರಲಿಲ್ಲ. ಕೋರ್ಟಿನಿಂದ ಪತ್ರ ಪಡೆದು ಠಾಣೆಗೆ ಮುಟ್ಟಿಸಿ, ಪಟ್ಟಿಯಿಂದ ಹೆಸರು ತೆಗೆದದ್ದನ್ನು ಕಣ್ಣಾರೆ ನೋಡಿ, ಆದೇಶದ ಪ್ರತಿಯೊಂದಿಗೆ ಶನಿವಾರ ಸಂಕೇಶ್ವರದ ಶಾಲೆಗೆ ಹೋದೆವು. ಗೇಟಿನಲ್ಲೇ ಪ್ರೀತಿ ಎದುರಾಗಿ, ಅಪ್ಪನ ಜೊತೆಗಿದ್ದ ನನಗೂ ಕೈಬೀಸಿದಳು. ಯಾವುದನ್ನೂ ಮುಚ್ಚಿಡಬಾರದು ಎಂದು ಯಲ್ಲಪ್ಪನವರಿಗೆ ಹೇಳಿದ್ದೆ. ಅವರು ಕರದಂಟಿನ ಸಮೇತ ಎಲ್ಲವನ್ನೂ ಹೇಳಿಬಿಟ್ಟರು.

ಹೆಡ್‌ಮೇಡಂ ಬಿಗಿಯಾದ ಮುಖದಿಂದಲೇ ಪೂರ್ತಿ ಕೇಳಿದರು. "ಗಾಡಿ ಜೋರ ಓಡಿಸೂ ಚಟ ಇದ್ದಾವ್ರ ಕೈಯಾಗ ಮಕ್ಕಳನ್ನ ಹ್ಯಾಂಗ ಕೊಡೂದ್ರಿ?" ಎಂದರು.

ಯಲ್ಲಪ್ಪ ತಲೆ ತಗ್ಗಿಸಿದರು. ಹೆಡ್‌ಮೇಡಂ ಮತ್ತೆ ಕೇಳಿದರು.

"ಅವತ್ತ ನಿಮ್ಮ ಗಾಡಿ ಎಷ್ಟನೇದು ಬಂತು?"

"ಐದನೇದ್ರಿ. ನಡುವ ಒಂದ ನಾಯಿಮರಿ ಬಂತ್ರಿ. ನಿಂದರಿಸಿ, ಇಳದು, ಅದನ್ನ ಬಾಜೂಕ ಬಿಟ್ಟು ಬರೂದ್ರಾಗ ಎಲ್ಲಾರೂ ಹೋಗಿ ಬಿಟ್ಟಿದ್ರಿ. ಬಾಳ್ಯಾ ಇನ್ನೂ ಆಡ್ಕೋತಾನ."

ಹೆಡ್‌ಮೇಡಂ ಡ್ರಾಯರ್ ತೆರೆದು ಬಸ್ಸಿನ ಕೀಲಿ ತೆಗೆದು ಮೇಜಿನ ಮೇಲಿಟ್ಟರು. "ಸೋಮವಾರ ಎಂಟಕ್ಕ ಬರ್ರಿ. ಐದನೇದವರಾಗೇ ಇರ್ರಿ."

ಈಗ ನನ್ನ ಬಳಿ ಬರುವ ಪ್ರತಿಯೊಬ್ಬ ಕಕ್ಷಿದಾರರಿಗೆ ಎರಡು ಪ್ರಶ್ನೆ ತಪ್ಪದೆ ಕೇಳುತ್ತೇನೆ. ಇಲ್ಲಿಗೆ ಬರುವ ಮೊದಲು ಎಲ್ಲಿದ್ರಿ? ಕೇಸು ಮುಗಿದಿದೆ ಎಂದು ನಿಮಗೆ ಹೇಳಿದವರು ಯಾರು? ಎರಡನೆಯದಕ್ಕೆ ಹೆಚ್ಚಿನವರ ಉತ್ತರದಲ್ಲಿ ಒಬ್ಬ ಬಾಳಪ್ಪ ಇದ್ದೇ ಇರುತ್ತಾನೆ, ಒಳ್ಳೆಯ ಮನಸ್ಸಿನ, ಸ್ವಲ್ಪ ತಪ್ಪು ತಿಳಿದ ಗೆಳೆಯ. ಅವನ ಮಾತು ಮುಗಿದಲ್ಲಿಂದ ನಮ್ಮ ಕೆಲಸ ಶುರುವಾಗುತ್ತದೆ.

ಕಳೆದ ತಿಂಗಳು ಹುಕ್ಕೇರಿ ಕೋರ್ಟಿನ ಕೆಲಸ ಮುಗಿಸಿ ಸಂಕೇಶ್ವರಕ್ಕೆ ಸ್ಕೂಟರಿನಲ್ಲಿ ಹೋಗುತ್ತಿದ್ದೆ. ಮುಂದೆ ಒಂದು ಹಳದಿ ಬಸ್ಸು ಎಷ್ಟು ನಿಧಾನವಾಗಿ ಹೋಗುತ್ತಿತ್ತೆಂದರೆ ಹಿಂದೆ ಸಾಲೇ ನಿಂತಿತ್ತು, ಯಾರೋ ಒಂದೇ ಸಮನೆ ಹಾರ್ನ್ ಒತ್ತುತ್ತಿದ್ದರು. ಹಿಂದಿನ ಕಿಟಕಿಯಲ್ಲಿ ಪ್ರೀತಿ ಕಂಡಳು. ನನ್ನನ್ನು ಗುರುತಿಸಿ ಜೋರಾಗಿ ಕೈಬೀಸಿದಳು. ನಾನು ಹಾರ್ನ್ ಒತ್ತಲಿಲ್ಲ.