ಗೋದಾಬಾಯಿಯವರ ಪತ್ರ ನನಗೆ ಮುಟ್ಟಿತ್ತು

ಪತ್ರ ಬಂದಿಲ್ಲ ಎಂದು ನಾನು ಹೇಳಿದ್ದು ಸುಳ್ಳು. ಆ ಚಿತ್ರವನ್ನು ಅವರೇ ಕೇಳಿದ್ದರು ಎಂದು ಹೇಳಿದ್ದೂ ಸುಳ್ಳು. ಎರಡನ್ನೂ ಒಂದೇ ಭಾನುವಾರ, ಎರಡು ಗಂಟೆಯೊಳಗೆ ಹೇಳಿದೆ.

ಎಂಬತ್ತರ ದಶಕದ ಕೊನೆಯ ಮಾತು. ಆಗ ನಾನು ನಾಸಿಕದ ಕನ್ನಡಿಗರ ಸಂಘವೊಂದರ ಕಾರ್ಯದರ್ಶಿ. ಓಝರಿನ ವಿಮಾನ ಕಾರ್ಖಾನೆಯಲ್ಲಿ ಬಿಡಿಭಾಗಗಳ ತಪಾಸಣೆ ನನ್ನ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ತಿರಸ್ಕರಿಸಿ ಸಹಿ ಹಾಕುತ್ತಿದ್ದೆ. ಸಂಘವನ್ನೂ ಹಾಗೆಯೇ ನಡೆಸಿದೆ. ಬಂದ ಪತ್ರಕ್ಕೆ ಅಂದೇ ಆವಕ ಸಂಖ್ಯೆ. ಕಾರ್ಯಕ್ರಮ ಪಟ್ಟಿಯ ಪ್ರತಿ ಸಾಲಿಗೂ ಗಂಟೆ, ನಿಮಿಷ.

ಗೋದಾಬಾಯಿ ನಾಟಕ ಕಂಪನಿಗಳ ದೊಡ್ಡ ನಟಿ. ಚಿಕ್ಕಂದಿನಲ್ಲಿ ಗದಗಿನಲ್ಲಿ ನೋಡಿದ್ದೆ — ಗಂಡನ ಮನೆಯವರನ್ನೆಲ್ಲ ನಿಂತಲ್ಲೇ ನೀರಿಳಿಸುವ ಗಟ್ಟಿಗಿತ್ತಿಯ ಪಾತ್ರ, ಕಟ್ಟಕಡೆಯ ಸಾಲಿಗೂ ಮುಟ್ಟುವ ದನಿ. ಸಿನಿಮಾದವರು ಅವರನ್ನು ಕರೆದದ್ದು ಒಂದೇ ಸಲ. ಹೆಸರಾಂತ ನಿರ್ದೇಶಕರು, ಹೆಸರಾಂತ ಕಥೆ. ಆದರೆ ನಲವತ್ತು ದಾಟಿದ ಈ ಹೆಣ್ಣುಮಗಳಿಗೆ ಕೊಟ್ಟದ್ದು ಹದಿನಾರರ ಅಳುಬುರುಕ ಮದುವಣಗಿತ್ತಿಯ ಪಾತ್ರ — ಎರಡು ಜಡೆ, ಬಗ್ಗಿಸಿದ ತಲೆ. ಮಾತು ಧಾರವಾಡದ ಕಡೆಯದಾಯಿತೆಂದು ದನಿಯನ್ನೂ ಬೇರೆ ಯಾರಿಂದಲೋ ಹಾಕಿಸಿದರು. ಚಿತ್ರವನ್ನು ಇಂದಿಗೂ ದೊಡ್ಡದೆನ್ನುತ್ತಾರೆ. ನೋಡಿದರೆ ಅದರಲ್ಲಿ ಜೀವವಿಲ್ಲ.

ವಯಸ್ಸಾದ ಮೇಲೆ ಅವರು ಔರಂಗಾಬಾದಿನಲ್ಲಿ — ಈಗಿನ ಛತ್ರಪತಿ ಸಂಭಾಜಿನಗರದಲ್ಲಿ — ಮಗಳ ಮನೆಯಲ್ಲಿದ್ದರು. ಅಳಿಯ ಬ್ಯಾಂಕಿನಲ್ಲಿ ವರ್ಗವಾಗಿ ಬಂದವರು. ನಾವು ಸನ್ಮಾನಕ್ಕೆ ಕರೆದೆವು. ಜೊತೆಗೆ ಅವರ ಆ ಚಿತ್ರವನ್ನು ತೋರಿಸುವುದೆಂದು ನಾನೇ ಗೊತ್ತುಮಾಡಿ, ರೀಲುಗಳನ್ನು ಹುಬ್ಬಳ್ಳಿಯಿಂದ ತರಿಸಿದೆ.

ಮೂರು ದಿನ ಮೊದಲು ಅವರ ಪತ್ರ ಬಂತು.

"ಆ ಪಿಕ್ಚರ್ ಬ್ಯಾಡರಿ. ಅದರಾಗ ನನ್ನ ಮಾರಿ ಅದ, ನಾ ಇಲ್ಲ. ಅದರ ಬದ್ಲಿ ಒಂದು ಜಮಖಾನಿ ಹಾಸಿ ಅರ್ಧಾ ತಾಸು ಕೊಡ್ರಿ. ಹಳೇ ನಾಟಕದ ಒಂದು ಪ್ರವೇಶ ನಾನಽ ಮಾಡಿ ತೋರಸ್ತೀನಿ. ದನಿ ಇನ್ನೂ ಅದ." ಕೊನೆಗೊಂದು ಸಾಲು: "ಡಾಕ್ಟರು ಸಕ್ಕರಿ ಬಿಡಿಸ್ಯಾರ. ನನ್ನ ಚಾಕ್ಕ ಹಾಕಬ್ಯಾಡ್ರಿ."

ಪಟ್ಟಿ ಅಚ್ಚಾಗಿತ್ತು. ಅಷ್ಟೇ — ಬೇರೆ ಕಾರಣವನ್ನು ಎಷ್ಟು ಹುಡುಕಿದರೂ ನನಗೆ ಸಿಕ್ಕಿಲ್ಲ. ಪತ್ರವನ್ನು ಮಡಚಿ ಕಡತದ ಹಿಂಬದಿಗೆ ಸೇರಿಸಿದೆ. ಆವಕ ಸಂಖ್ಯೆ ಹಾಕಲಿಲ್ಲ. ನನ್ನ ಕಾಲದಲ್ಲಿ ಸಂಖ್ಯೆಯಿಲ್ಲದ ಪತ್ರ ಅದೊಂದೇ.

ಭಾನುವಾರ ಒಂಬತ್ತು ನಲವತ್ತಕ್ಕೆ ಸನ್ಮಾನ, ಹತ್ತಕ್ಕೆ ಚಿತ್ರ. ಪರದೆ ಇಳಿಬಿಟ್ಟದ್ದನ್ನು ನೋಡಿ ಗೋದಾಬಾಯಿ ಒಮ್ಮೆ ನನ್ನತ್ತ ತಿರುಗಿದರು. ಆಮೇಲೆ ಮುಂದಿನ ಸಾಲಿನಲ್ಲಿ ಕುಳಿತರು. ಎರಡು ಜಡೆ ಕಾಣಿಸಿಕೊಂಡದ್ದೇ ತಡ, ಹಿಂದಿನಿಂದ ಇಲ್ಲೇ ಬೆಳೆದ ಹುಡುಗನೊಬ್ಬ ಮರಾಠಿಯಲ್ಲಿ ಕೂಗಿದ — "ಆಜೀ ಸೋಳಾ ವರ್ಷಾಂಚೀ!" ಹದಿನಾರರ ಅಜ್ಜಿ! ನಗು ಸಾಲಿನಿಂದ ಸಾಲಿಗೆ ದಾಟಿ ಮುಂದಕ್ಕೆ ಬಂತು. ಅವರು ಸೆರಗು ಕೂಡ ಸರಿಪಡಿಸಿಕೊಳ್ಳಲಿಲ್ಲ.

ಸಂಘದ ಅಧ್ಯಕ್ಷರು ನನ್ನತ್ತ ಬಾಗಿದರು. "ಏನ್ರೀ ಸೆಕ್ರೆಟರಿ, ಮರ್ಯಾದಿ ಮಾಡ್ತೀವಂತ ಕರದು ಇದೇನ್ರೀ? ಬ್ಯಾರೆ ಏನೂ ಹೊಳೀಲಿಲ್ಲೇನು ನಿಮಗ?"

"ಅವರಽ ಇದಽ ಬೇಕಂದ್ರರಿ," ಎಂದೆ.

ಪಕ್ಕದಲ್ಲಿ ಕುಳಿತಿದ್ದ ಗೋದಾಬಾಯಿಯವರ ಮಗಳು ತಟ್ಟನೆ ತಿರುಗಿ ತಾಯಿಯನ್ನು ನೋಡಿದಳು. ಆ ನೋಟ — ಅದನ್ನು ನಾನು ಕಂಡೆ. ಆಗಲೇ ತಿದ್ದಬಹುದಿತ್ತು.

ಚಿತ್ರ ಸಮಯಕ್ಕೆ ಸರಿಯಾಗಿ ಮುಗಿಯಿತು. ಚಹಾದ ಕಪ್ಪನ್ನು ಅವರಿಗೆ ನಾನೇ ಒಯ್ದು ಕೊಟ್ಟೆ. ಮಗಳ ಎದುರಿಗೇ ಕೇಳಿದರು:

"ಸೆಕ್ರೆಟರಿ ಸಾಹೇಬ್ರ, ನನ್ನ ಪತ್ರ ಮುಟ್ಟಿತ್ತೇನ್ರಿ?"

"ಇಲ್ಲರಿ ಬಾಯಾರ. ಯಾವ ಪತ್ರಾನೂ ಬಂದಿಲ್ಲ."

"ಸಾಕ್ ಮಾಡವಾ," ಎಂದಳು ಮಗಳು. "ನಿನಗಽ ನೋಡ್ಕೊಬೇಕಾಗಿತ್ತು, ನೋಡ್ಕೊಂಡಿ. ಮಂದಿ ಮುಂದ ಮತ್ಯಾಕ ನೆವಾ?"

ಗೋದಾಬಾಯಿ ಒಂದು ಗುಟುಕು ಕುಡಿದರು. ಕಪ್ಪಿನೊಳಗೆ ನೋಡಿದರು — ಆಮೇಲೆ ನನ್ನನ್ನು.

"ಚಾ ಭಾಳ ಛಲೋ ಆಗೇದರಿ. ಸಕ್ಕರಿ ಇಲ್ಲ."

ಮಗಳಿಗೆ ತಿಳಿಯಲಿಲ್ಲ. ನಾನು ಬಾಯಿ ಬಿಡಬಹುದೆಂದು ಅವರು ಒಂದು ಕ್ಷಣ ಕಾದರು. ನಾನು ಗಡಿಯಾರ ನೋಡಿಕೊಂಡೆ.

ಅವರು ಮತ್ತೆ ಯಾವ ಸಭೆಗೂ ಬರಲಿಲ್ಲ. ತೊಂಬತ್ತರ ದಶಕದ ನಡುವಿನಲ್ಲಿ ತೀರಿಕೊಂಡರು. ಮುದುಕಿಗೆ ಎರಡು ಜಡೆಯ ಹುಚ್ಚಿತ್ತು ಎಂಬ ಮಾತು ಮಾತ್ರ ನಮ್ಮವರಲ್ಲಿ ಉಳಿಯಿತು. ಯಾರಾದರೂ ಆಡಿದಾಗ ನಾನೂ ಸುಮ್ಮನೆ... ಇಲ್ಲ, ಒಮ್ಮೆ ನಕ್ಕದ್ದೂ ಉಂಟು.

ಹೋದ ವಾರ ಅವರ ಮೊಮ್ಮಗಳು ಫೋನ್ ಮಾಡಿದಳು. ಸಂಭಾಜಿನಗರದಲ್ಲೇ ಬೆಳೆದವಳು, ಕನ್ನಡ ತಿಳಿಯುತ್ತದೆ, ಆಡಲು ತಡವರಿಸುತ್ತಾಳೆ. "ಕಾಕಾ, ಪತ್ರ ಬರದೀನಿ ಅಂತ ಅಜ್ಜಿ ಸಾಯೋತನಕ ಅಂದ್ಳು. ಆಯಿ — ನಮ್ಮವ್ವ — ನಂಬಲೇ ಇಲ್ಲ. ಈಗ ಆಯಿನೂ ಇಲ್ಲ. ಖರೇ ಏನು?"

ಬಂದು ಹೇಳುತ್ತೇನೆ ಎಂದೆ.

ಪತ್ರ ನನ್ನಲ್ಲೇ ಇದೆ. ಹರಿದುಹಾಕುವುದು ನನ್ನ ಪದ್ಧತಿಯಲ್ಲ; ಹಾಗೆ ಇಟ್ಟುಕೊಂಡದ್ದು ಪ್ರಾಮಾಣಿಕತೆಯೇನೂ ಅಲ್ಲ. ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಅವಳಿಗೆ ಕನ್ನಡ ಓದಲು ಬಾರದು. ನಾನೇ ಗಟ್ಟಿಯಾಗಿ ಓದಿ ಹೇಳಬೇಕು — ಕೊನೆಯ ಚಹಾದ ಸಾಲನ್ನೂ ಸೇರಿಸಿ.