ಕತ್ತರಿಯ ಬಾಯಲ್ಲಿ ಮಾತು

ನಮ್ಮ ದೊಡ್ಡಮ್ಮ ಹೊಲಿಗೆಯವಳು. ಅಳತೆಯ ಟೇಪು ಕೊರಳಲ್ಲಿ, ಕೋಪ ಮೂಗಿನ ತುದಿಯಲ್ಲಿ. ಎರಡನ್ನೂ ಮಲಗುವಾಗ ಮಾತ್ರ ತೆಗೆದಿಡುತ್ತಾಳೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವಳು. ಆದರೆ ಅವಳು ಕತ್ತರಿಸಿದ ಅಂಗಿ ಹೆಗಲ ಮೇಲೆ ಕೂರುವ ಚೆಂದ ನೋಡಿದರೆ ಬೈಸಿಕೊಂಡದ್ದೆಲ್ಲ ಮರೆತುಹೋಗುತ್ತದೆ.

ಅಂಗಡಿ ಎಂದರೆ ಒಂದು ಕೋಣೆ, ಎರಡು ಮೆಷಿನ್ನು, ಒಂದೇ ಕಿಟಕಿ. ಕಿಟಕಿಯ ಜಾಗ ಮೊದಲಿನಿಂದಲೂ ದೊಡ್ಡಮ್ಮನದು. ಒಳಗಿನ ಮೂಲೆ ಅವಳ ವಾರಗಿತ್ತಿಯದು, ಅಂದರೆ ನನ್ನ ಚಿಕ್ಕಮ್ಮನದು. ಚಿಕ್ಕಮ್ಮನಿಗೆ ಕಣ್ಣು ಮಂಜಾಗತೊಡಗಿದಾಗ ಒಂದು ದಿನ ಕೇಳಿದಳು:

"ಅಕ್ಕಾ, ಸ್ವಲ್ಪ ದಿನ ನಾನು ಕಿಟಕಿ ಹತ್ರ ಕೂತ್ಕೊಳ್ಳಲಾ?"

"ದೊಡ್ಡವಳು ನಾನೋ ನೀನೋ?" ಎಂದಳು ದೊಡ್ಡಮ್ಮ.

ಅಷ್ಟೇ. ಅಂದಿನಿಂದ ಮಾತು ಬಂದ್. ಆದರೆ ಕೆಲಸ ನಡೆಯಬೇಕಲ್ಲ? ಮೇಜಿನ ಮೇಲಿದ್ದ ಕತ್ತರಿಯನ್ನೇ ನಡುವೆ ಇಟ್ಟುಕೊಂಡರು. "ಕತ್ತರೀ, ಈ ತೋಳು ಸಂಜೆಯೊಳಗೆ ಮುಗೀಬೇಕಂತೆ ಅಂತ ಹೇಳು," ಎನ್ನುವಳು ದೊಡ್ಡಮ್ಮ. "ಕತ್ತರೀ, ನನಗೇನು ನಾಲ್ಕು ಕೈ ಇದೆಯಾ ಅಂತ ಕೇಳು," ಎನ್ನುವಳು ಚಿಕ್ಕಮ್ಮ. ಪಾಪ, ಬಟ್ಟೆ ಕತ್ತರಿಸುವ ಕೆಲಸಕ್ಕಿಂತ ಇದೇ ಅದಕ್ಕೆ ಹೆಚ್ಚಾಯಿತು.

ಗಿರಾಕಿಗಳು ಫೋನಿನಲ್ಲಿ ಇಂಗ್ಲಿಷ್‌ನಲ್ಲೇ ಬರೆದು ಕಳಿಸುತ್ತಾರೆಂದು ನಾನು ಇಬ್ಬರನ್ನೂ ಅಂಗಡಿಯ ಮಹಡಿಯ ಮೇಲಿನ ಸಂಜೆಯ ಇಂಗ್ಲಿಷ್ ಕ್ಲಾಸಿಗೆ ಸೇರಿಸಿದೆ; ನಾನೂ ಸೇರಿದೆ. ಅಲ್ಲಿಯ ಮೇಡಂ ಪಾಠ ಮಾಡುವ ರೀತಿಯೇ ಬೇರೆ. ಒಂದೇ ಥರ ಕೇಳಿಸುವ ಎರಡು ಪದಗಳನ್ನು ಒಂದು ಬೆಂಚಿನ ಇಬ್ಬರಿಗೆ ಹಂಚುತ್ತಾರೆ. ಮೇಡಂ ವಾಕ್ಯ ಓದಿದಾಗ ಯಾರ ಪದ ಬಂತೋ ಅವರು ಎದ್ದು ನಿಲ್ಲಬೇಕು. ಪಕ್ಕದವರು ಹೇಳಿಕೊಡುವಂತಿಲ್ಲ. ತಪ್ಪಿದವರು ಎಲ್ಲರೆದುರು ಒಂದು ಹಾಡು ಹಾಡಬೇಕು.

ಮನೆಯ ಕಥೆ ಗೊತ್ತಿಲ್ಲದ ಮೇಡಂ ಇವರಿಬ್ಬರನ್ನು ಒಂದೇ ಬೆಂಚಿನಲ್ಲಿ ಕೂರಿಸಿದರು. ಚಿಕ್ಕಮ್ಮನಿಗೆ ಬಂದದ್ದು 'ಲೂಝ್', ಕಳೆದುಕೊಳ್ಳುವುದು. ದೊಡ್ಡಮ್ಮನಿಗೆ 'ಲೂಸ್', ಸಡಿಲ.

"ಇಷ್ಟು ಜನರ ಮುಂದೆ ನನ್ನನ್ನ ಲೂಸ್ ಅಂತೀರಲ್ಲ ಮೇಡಂ!" ಎಂದಳು ದೊಡ್ಡಮ್ಮ. ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು.

ಗಂಟಲ ಮೇಲೆ ಬೆರಳಿಟ್ಟು ಹೇಳಿ, ಕೊನೆಯಲ್ಲಿ ಗುಂಯ್ ಎಂದರೆ ಅದು ಕಳೆದುಕೊಳ್ಳುವುದು, ಬರೀ ಗಾಳಿ ಬಂದರೆ ಸಡಿಲ ಎಂದು ಮೇಡಂ ಕಲಿಸಿದರು. "ಮೆಷಿನ್ನು ಓಡಿದ್ರೆ ಕಳೀತು, ನಿಂತ್ರೆ ಸಡಿಲ," ಎಂದು ದೊಡ್ಡಮ್ಮ ತನ್ನದೇ ಲೆಕ್ಕ ಹಾಕಿಕೊಂಡಳು. ಆಮೇಲೆ ಒಮ್ಮೆಯೂ ತಪ್ಪಲಿಲ್ಲ.

ಈ ನಡುವೆ ಚಿಕ್ಕಮ್ಮ ಪಕ್ಕದ ಬೀದಿಯಲ್ಲಿ ಬೇರೆ ಕೋಣೆ ನೋಡಿದಳು. ಕಿಟಕಿ ದೊಡ್ಡದು. ಒಂದು ಮಧ್ಯಾಹ್ನ, "ಕತ್ತರೀ, ಸೋಮವಾರ ನನ್ನ ಮೆಷಿನ್ನು ತಗೊಂಡು ಹೋಗ್ತೀನಿ ಅಂತ ಹೇಳು," ಎಂದಳು. ಅಂದು ದೊಡ್ಡಮ್ಮ ಊಟ ಸರಿಯಾಗಿ ಮಾಡಲಿಲ್ಲ. ಇವರಿಬ್ಬರಲ್ಲಿ ಒಬ್ಬರಿಲ್ಲದ ಅಂಗಡಿಯನ್ನು ನಾನು ಕಂಡದ್ದೇ ಇಲ್ಲ.

ಆ ಸಂಜೆ ಕ್ಲಾಸಿನಲ್ಲಿ ಚಿಕ್ಕಮ್ಮನ ಮನಸ್ಸು ಇನ್ನೆಲ್ಲೋ ಇತ್ತು. ಕೊಡೆ ಕಳೆದುಕೊಳ್ಳಬೇಡ ಎಂಬ ಅರ್ಥದ ವಾಕ್ಯವನ್ನು ಮೇಡಂ ಇಂಗ್ಲಿಷ್‌ನಲ್ಲಿ ಓದಿದರು. ಯಾರೂ ಏಳಲಿಲ್ಲ. ಮೇಡಂ ಮತ್ತೊಮ್ಮೆ ಓದಿದರು. ಚಿಕ್ಕಮ್ಮ ಕಿಟಕಿಯಾಚೆ ನೋಡುತ್ತಲೇ ಇದ್ದಳು. ನಾಲ್ಕು ಜನರ ಮುಂದೆ ಬಾಯಿ ಬಿಡಲೂ ನಾಚುವ ಹೆಂಗಸು ಅವಳು. ಹಾಡು ಎಂದರೆ ಅಲ್ಲೇ ಅತ್ತುಬಿಡುತ್ತಿದ್ದಳು.

ದೊಡ್ಡಮ್ಮ ಅವಳ ತೊಡೆಗೆ ಚಿವುಟಿದಳು.

"ಏಳೇ! ನಿನ್ನ ಪದ ಬಂತು!"

ಚಿಕ್ಕಮ್ಮ ಧಡಕ್ಕನೆ ಎದ್ದಳು. ಎದ್ದವಳು ಮೇಡಂ ಕಡೆ ನೋಡಲಿಲ್ಲ, ದೊಡ್ಡಮ್ಮನನ್ನೇ ನೋಡಿದಳು. ನಡುವೆ ಕತ್ತರಿ ಇರಲಿಲ್ಲ.

"ಹೇಳಿಕೊಟ್ಟಿದ್ದು ತಪ್ಪು. ಹಾಡು ನೀವೇ ಹಾಡಬೇಕು," ಎಂದರು ಮೇಡಂ.

ದೊಡ್ಡಮ್ಮನಿಗೆ ಬರುವುದು ಒಂದೇ ಹಾಡು, ಚಿಕ್ಕಮ್ಮನ ಮಕ್ಕಳನ್ನು ಮಲಗಿಸಲು ಹಾಡುತ್ತಿದ್ದ ಜೋಗುಳ. ಅದನ್ನು ಕೇಳಿದರೆ ಮಲಗಿದ ಮಕ್ಕಳೂ ಎದ್ದು ಅಳುತ್ತಿದ್ದವು. ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾಳ ತಪ್ಪಿಸಿಕೊಂಡು, ಪೂರ್ತಿ ಹಾಡಿದಳು. ಚಿಕ್ಕಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

ಮನೆಗೆ ಬರುವಾಗ ಇಬ್ಬರೂ ಮಾತಾಡಲಿಲ್ಲ. ಹಟ ಎಂದರೆ ಹಟವೇ.

ಮರುದಿನ ನಾನು ಅಂಗಡಿಗೆ ಹೋದಾಗ ದೊಡ್ಡಮ್ಮನ ಮೆಷಿನ್ನು ಒಳಗಿನ ಮೂಲೆಯಲ್ಲಿತ್ತು, ಚಿಕ್ಕಮ್ಮನದು ಕಿಟಕಿಯ ಪಕ್ಕ. ಬೆಳ್ಳಂಬೆಳಗ್ಗೆ ಒಬ್ಬಳೇ ಎಳೆದಾಡಿ ದೊಡ್ಡಮ್ಮ ಸೊಂಟ ಹಿಡಿದುಕೊಂಡಿದ್ದಳು. ಚಿಕ್ಕಮ್ಮ ಬಂದಳು, ನಿಂತಳು, ನೋಡಿದಳು. ಆಮೇಲೆ ಮೆಲ್ಲನೆ ಬೆಳಕಿನಲ್ಲಿ ಕೂತು ಸೂಜಿಗೆ ದಾರ ಪೋಣಿಸಿದಳು. ಮೊದಲ ಸಲಕ್ಕೇ ಹೋಯಿತು.

ಸ್ವಲ್ಪ ಹೊತ್ತಿಗೆ ಮೇಜನ್ನೆಲ್ಲ ತಡಕಾಡಿದಳು. "ಅಕ್ಕಾ, ಕತ್ತರಿ ಎಲ್ಲಿ?"

ದೊಡ್ಡಮ್ಮ ತಲೆ ಎತ್ತಲಿಲ್ಲ. "ನನ್ನನ್ನೇ ಕೇಳ್ತಿದ್ದೀಯಲ್ಲ," ಎಂದಳು, "ಇನ್ನು ಅದು ಸಿಗದಿದ್ರೂ ಪರವಾಗಿಲ್ಲ ಬಿಡು."