ತೊಳೆದು ಕಳಿಸಿದ ಸಿಪ್ಪೆ

ಕಬ್ಬನ್ನು ಗಾಣಕ್ಕೆ ಒಂದು ಸಲ ಕೊಟ್ಟು, ಮಡಚಿ ಇನ್ನೊಂದು ಸಲ ಕೊಟ್ಟು, ಮೂರನೇ ಸಲ ಜೀವ ಹಿಂಡಿದ ಮೇಲೆ ಆ ಕಡೆ ಬೀಳುವ ಸಿಪ್ಪೆಯನ್ನು ನೀವು ಯಾರೂ ನೋಡಿರುವುದಿಲ್ಲ, ಯಾಕೆಂದರೆ ಆಗ ನಿಮ್ಮ ಕಣ್ಣು ಗ್ಲಾಸಿನ ಮೇಲಿರುತ್ತದೆ. ನಾನು ಮಾತ್ರ ಡೊಂಬಿವಲಿಗೆ ಮದುವೆಯಾಗಿ ಬಂದಾಗಿನಿಂದ ಅದನ್ನೇ ನೋಡುತ್ತಿದ್ದೇನೆ. ಸ್ಟೇಷನ್ನಿನ ಪೂರ್ವಕ್ಕೆ ನಮ್ಮದೊಂದು ರಸವಂತಿ ಇದೆ. ನಮ್ಮ ಮುಧೋಳದ ಕಡೆಯ ಮಾತಿನಲ್ಲಿ ಕಬ್ಬಿನ ಹಾಲಿನ ಅಂಗಡಿ. ಗಾಣದ ಗೆಜ್ಜೆ ಕೇಳಿ ಗಿರಾಕಿ ಬರುತ್ತಾರೆ, ಸಿಪ್ಪೆಯ ವಾಸನೆಗೆ ನೊಣ ಬರುತ್ತವೆ. ಗಿರಾಕಿ ನನ್ನ ಮಗನ ಪಾಲು, ನೊಣ ನನ್ನ ಪಾಲು.

ನಾನು ಕಲಿತದ್ದು ನಾಲ್ಕನೇ ಇಯತ್ತೆ. ಅದರಲ್ಲೂ ಅರ್ಧ ಮರೆತಿದೆ. ಉಳಿದಿರುವ ಒಂದೇ ವಿದ್ಯೆ ಸ್ವಚ್ಛ ಮಾಡುವುದು. ಅದರ ಸೊಕ್ಕು ಎಷ್ಟೆಂದರೆ, ಪಕ್ಕದ ಚಹಾದವನು ನನ್ನನ್ನು ಕಂಡರೆ ಮೊದಲು ಬಟ್ಟೆ ತಗೊಂಡು ಟೇಬಲ್ ಒರೆಸುತ್ತಾನೆ, ಆಮೇಲೆ ನಮಸ್ಕಾರ ಹೇಳುತ್ತಾನೆ.

ನನ್ನ ಮಗಳ ಮಗಳು ರೂಪಾಲಿ ನಮ್ಮ ಮನೆಯಲ್ಲೇ ಇದ್ದಾಳೆ, ನನ್ನನ್ನು ಆಯಿ ಎನ್ನುತ್ತಾಳೆ. ರಬಾಳೆಯ ಒಂದು ಲ್ಯಾಬಿನಲ್ಲಿ ಅವಳಿಗೆ ಒಂದು ವರ್ಷದ ಕೆಲಸ. ಕಬ್ಬಿನ ಸಿಪ್ಪೆಯಿಂದ ಗಾಡಿಗೆ ಹಾಕುವ ಇಂಧನ ತೆಗೆಯುತ್ತಾರಂತೆ. ನಾನು ಕೇಳಿ ನಕ್ಕಿದ್ದೆ. ಗಾಣ ಮೂರು ಸಲ ಹಿಂಡಿ ಬಿಟ್ಟದ್ದರಲ್ಲಿ ಇವರಿಗೆ ಇನ್ನೇನು ಸಿಕ್ಕೀತು? ಆದರೂ ವಾರಕ್ಕೊಂದು ಚೀಲ ಸಿಪ್ಪೆ ಬೇಕೆಂದಾಗ, ನಮ್ಮ ಕಸಕ್ಕೆ ಆಫೀಸಿನಲ್ಲಿ ಕುರ್ಚಿ ಸಿಕ್ಕಿತಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಅಂಗಡಿ ಹಿಂದಿನ ಸಿಪ್ಪೆ ಗುಡ್ಡೆಯ ತಳದಿಂದ ಅವಳೇ ಕೈಯಾರೆ ತುಂಬಿಕೊಳ್ಳಬೇಕಿತ್ತು. ಲೋಕಲ್ ತಪ್ಪುತ್ತದೆಂದು ಮೊದಲ ವಾರವೇ ನನಗೆ ಒಪ್ಪಿಸಿ ಓಡಿದಳು. ಇದ್ದ ಹಾಗೇ ತುಂಬು ಎಂದು ಹೇಳಿಯೇ ಓಡಿದಳು, ಸುಳ್ಳು ಹೇಳಬಾರದು.

ಇದ್ದ ಹಾಗೇ ಎಂದರೆ ಹೇಗೆ ಕಳಿಸಲಿ ಹೇಳಿ. ತಳದ ಸಿಪ್ಪೆ ಹುಳಿ ವಾಸನೆ ಹೊಡೆಯುತ್ತಿತ್ತು, ಕರ್ರಗೆ ಬೂಷ್ಟು ಹಿಡಿದಿತ್ತು. ನಾಳೆ ಅಲ್ಲಿಯ ಮಂದಿ ನನ್ನ ಮೊಮ್ಮಗಳ ಮುಂದೆ ಮೂಗು ಮುಚ್ಚಿಕೊಂಡರೆ ಮಾನ ಯಾರದು? ಕುದಿಯುವ ನೀರಿಗೆ ಹಿಡಿ ಅರಿಶಿನ ಹಾಕಿ ಸಿಪ್ಪೆ ತೊಳೆದೆ, ಟೆರೇಸಿನ ಮೇಲೆ ಮೂರು ದಿನ ಬಿಸಿಲಿಗೆ ಹರವಿದೆ, ಆಮೇಲೆ ತುಂಬಿದೆ. ಇಸ್ತ್ರಿ ಹಾಕುವುದೊಂದು ಉಳಿದಿತ್ತು. ಹೀಗೆ ಎರಡು ತಿಂಗಳು, ಎಂಟು ಚೀಲ. ಹುಡುಗಿಗೆ ಇದನ್ನು ಹೇಳಲಿಲ್ಲ. ಮಾಡಿದ ಉಪಕಾರ ಆಡಿ ತೋರಿಸಬಾರದೆಂಬ ದೊಡ್ಡತನ ಬೇರೆ ನನಗೆ.

ಆ ಎರಡು ತಿಂಗಳಲ್ಲಿ ಹುಡುಗಿಯ ಮುಖ ಸಣ್ಣದಾಯಿತು. ಅವಳ ಕೆಲಸ ಮುಂದುವರಿಸಬೇಕೋ ಬೇಡವೋ ಎಂದು ದೊಡ್ಡ ಮೇಡಂ ತಿಂಗಳ ಕೊನೆಗೆ ಬರೆಯುವವರಿದ್ದರಂತೆ, ಇವಳ ಕೈಯಲ್ಲಿ ಏನೂ ಬೆಳೆಯುತ್ತಿಲ್ಲವಂತೆ. ಏನು ಬೆಳೆಯಬೇಕು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅಷ್ಟರಲ್ಲಿ ಲ್ಯಾಬಿನವರು, ಕೆಲಸದವರ ಮನೆಮಂದಿ ಬಂದು ನೋಡಬಹುದೆಂದು ಒಂದು ದಿನ ಗೊತ್ತು ಮಾಡಿದರು. ನಾನು ಇಳಕಲ್ ಸೀರೆ ಉಟ್ಟು, ಶೇಂಗಾ ಉಂಡಿಯ ಡಬ್ಬಿ ಹಿಡಿದು, ಠಾಣೆ ಜಂಕ್ಷನ್ನಿನಲ್ಲಿ ಲೋಕಲ್ ಗಾಡಿ ಬದಲಿಸಿ ರಬಾಳೆಗೆ ಹೋದೆ.

ಒಂದೇ ಕಟ್ಟಡದಲ್ಲಿ ಎರಡು ಲ್ಯಾಬು. ಸೀರೆಯ ಮೇಲೆ ಬಿಳಿ ಕೋಟು ತೊಡಿಸಿದರು. ಗಾಜಿನಲ್ಲಿ ನೋಡಿಕೊಂಡರೆ ರೋಗಿ ತಪ್ಪಿಸಿಕೊಂಡು ಹೋದ ಡಾಕ್ಟರಂತೆ ಕಂಡೆ. ಮೊದಲನೆಯದರಲ್ಲಿ ದೊಡ್ಡ ಗಾಣ ಇರುತ್ತದೆಂದುಕೊಂಡಿದ್ದೆ. ಇದ್ದದ್ದು ನೀರಿನಂಥ ಒಂದು ಸೀಸೆ. ಅದರದೊಂದು ಹನಿಗೆ ಮೇಡಂ ಬೆಂಕಿ ಹಚ್ಚಿದರು, ನೀಲಿಯಾಗಿ ಉರಿಯಿತು. ಎರಡನೆಯದರಲ್ಲಿ ಸುಣ್ಣದ ಡಬ್ಬಿಯಂಥ ಮುಚ್ಚಳದ ತಟ್ಟೆಗಳು. ಉಲ್ಹಾಸನಗರದ ಯಾವುದೋ ಗಾಣದ ಹೆಸರಿದ್ದ ತಟ್ಟೆಯಲ್ಲಿ ಹಸಿರು ಬೂಷ್ಟು ಹುಲುಸಾಗಿ ಎದ್ದಿತ್ತು. ನಮ್ಮ ಹೆಸರಿನ ತಟ್ಟೆಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು.

ನಮ್ಮವು ಎಷ್ಟು ಸ್ವಚ್ಛ ನೋಡಿರಿ ಎಂದು ನಾನು ಮರಾಠಿಯಲ್ಲಿ ಮೇಡಂಗೆ ತೋರಿಸಿದೆ. ಎದೆಯುಬ್ಬಿಸಿಯೇ ತೋರಿಸಿದೆ.

"ಆಜಿ, ಅದೇ ನಮ್ಮ ತೊಂದರೆ," ಎಂದರು ಅವರು.

ಆಮೇಲೆ ಮಗುವಿಗೆ ಹೇಳುವಂತೆ ಹೇಳಿದರು. ಸಿಪ್ಪೆಯ ನಾರು ಗಟ್ಟಿ, ಅದನ್ನು ಒಡೆದು ಸಕ್ಕರೆ ಮಾಡಿದರೆ ಮಾತ್ರ ಇಂಧನ. ಹಾಗೆ ಒಡೆಯುವ ಬೂಷ್ಟು ಕೊಳೆತ ಗುಡ್ಡೆಯಲ್ಲೇ ಇರುತ್ತದೆ, ಇವರು ಹುಡುಕುತ್ತಿರುವುದೇ ಅದನ್ನು. ಕೊಳೆಯೇ ಇವರ ಬೀಜ. ಮನೆಯಲ್ಲಿ ಹೆಪ್ಪಿಗೆಂದು ಹಳೆಯ ಮೊಸರು ಉಳಿಸುವವಳು ನಾನು. ದೋಸೆ ಹಿಟ್ಟಿನ ಪಾತ್ರೆಯನ್ನು ಪೂರಾ ತಿಕ್ಕಿದ ಸೊಸೆಯನ್ನು ಬೈದವಳೂ ನಾನೇ. ಅಡುಗೆಮನೆಯಲ್ಲಿದ್ದ ಬುದ್ಧಿಯನ್ನು ಟೆರೇಸು ಹತ್ತುವಾಗ ಕೆಳಗೇ ಬಿಟ್ಟು ಹೋಗಿದ್ದೆ.

ಮೇಡಂ ರಿಜಿಸ್ಟರು ತೆರೆದರು. ಗುಡ್ಡೆಯ ತಳದಿಂದ, ಇದ್ದ ಹಾಗೇ, ನಾನೇ ಕೈಯಾರೆ ತಂದದ್ದು ಎಂದು ಎಂಟು ಸಲ ರೂಪಾಲಿಯ ಅಕ್ಷರವಂತೆ. ಅವಳು ನನ್ನ ಕಡೆ ನೋಡಿದಳು. ತೊಳೆದದ್ದು ಅವಳಿಗೆ ಗೊತ್ತಿರಲಿಲ್ಲ, ತುಂಬಿದವಳು ನಾನೆಂಬುದು ಗೊತ್ತಿತ್ತು. ನಾನು ಸುಮ್ಮನಿದ್ದರೆ ಅವಳು ಕೈಲಾಗದವಳು, ಬಾಯಿ ಬಿಟ್ಟರೆ ಸುಳ್ಳುಗಾರ್ತಿ. ಯಾರೂ ಕೇಳದಿದ್ದರೂ ನೆಟ್ಟಗೆ ಮಾತಾಡುವ ಹೆಂಗಸೆಂದು ಇಡೀ ಗಲ್ಲಿಗೆ ಹೆಸರಾದವಳು, ಆಗ ನೆಲದ ಬಿಳಿ ಫರಸಿ ಎಣಿಸುತ್ತ ನಿಂತೆ. ಆದರೆ ಕೈಲಾಗದವಳೆಂಬ ಮಾತು ಖರೆ ಅಲ್ಲ. ಸುಳ್ಳು ಬರೆದದ್ದು ಖರೆ. ಅಷ್ಟು ಲೆಕ್ಕ ನನಗೂ ಬರುತ್ತದೆ.

"ನಾನೇ ತೊಳೆದೆ, ಮೇಡಂ. ಅರಿಶಿನದ ಕುದಿ ನೀರಲ್ಲಿ, ಎಂಟೂ ಚೀಲ. ತುಂಬಿದವಳೂ ನಾನೇ."

ಮೇಡಂ ರೂಪಾಲಿಯ ಕಡೆ ತಿರುಗಿದರು. ಹೌದು, ಗಾಡಿ ತಪ್ಪುತ್ತದೆಂದು ಆಯಿಗೆ ಒಪ್ಪಿಸಿದ್ದೆ ಎಂದಳು ಹುಡುಗಿ. ಅಲ್ಲಿ ಬರೆದದ್ದನ್ನು ಗೀಚಿ ಅಳಿಸುವಂತಿಲ್ಲ. ಎಂಟು ಸಾಲಿನ ಮೇಲೆ ಒಂದೊಂದೇ ಗೆರೆ ಎಳೆದು, ಪಕ್ಕದಲ್ಲಿ ನಿಜ ಬರೆದು ಸಹಿ ಹಾಕಿದಳು. ನನ್ನಿಂದಲೂ ಸಹಿ ಹಾಕಿಸಿದರು. ಮೂರು ಅಕ್ಷರದ ಹೆಸರು ಬರೆದು ಮುಗಿಸುವಷ್ಟರಲ್ಲಿ ಮೇಡಂ ಎರಡು ಫೋನು ಮಾತಾಡಿದರು.

ವಾಪಸು ಬರುವಾಗ ಠಾಣೆಯಲ್ಲಿ ಗಾಡಿ ಬದಲಿಸಲು ಇಳಿದೆವು. ಪ್ಲಾಟ್‌ಫಾರ್ಮಿನ ಮೇಲೆ ನಿಂತಾಗ ರೂಪಾಲಿ ಅಂದಳು:

"ಇದ್ದ ಹಾಗೇ ಅಂತ ಹೇಳಿದ್ದೆನಲ್ಲ, ಆಯಿ."

"ಹೇಳಿದ್ದಿ."

ತಪ್ಪಾಯಿತು ಎನ್ನುವ ಅಭ್ಯಾಸ ನನಗಿಲ್ಲ. ಲ್ಯಾಬಿನೊಳಗೆ ಬಿಚ್ಚಗೊಡದ ಉಂಡಿ ಡಬ್ಬಿಯನ್ನು ಮುಂದೆ ಹಿಡಿದೆ. ಅವಳು ಒಂದು ತಗೊಂಡಳು. ಗಾಡಿ ಬಂತು.

ಮೇಡಂ ಇನ್ನೊಂದು ತಿಂಗಳು ಕೊಟ್ಟಿದ್ದಾರೆ, ತುಂಬುವಾಗ ಪ್ರತಿ ಚೀಲದ ಫೋಟೋ ಕಳಿಸಬೇಕೆಂಬ ಕರಾರಿನ ಮೇಲೆ. ಈಗ ರೂಪಾಲಿ ಬೆಳಿಗ್ಗೆ ಒಂದು ತಾಸು ಮೊದಲು ಎದ್ದು, ಮೊಣಕೈವರೆಗೆ ಗುಡ್ಡೆಗೆ ಕೈ ಹಾಕಿ ತಾನೇ ತುಂಬುತ್ತಾಳೆ. ಅಷ್ಟು ಹೊತ್ತು ನಾನು ಸ್ಟೂಲಿನ ಮೇಲೆ ಎರಡೂ ಕೈ ತೊಡೆಯ ಕೆಳಗೆ ಒತ್ತಿಕೊಂಡು ಕೂತಿರುತ್ತೇನೆ. ಚಹಾದವನಿಗೆ ಇದಕ್ಕಿಂತ ಒಳ್ಳೆಯ ತಮಾಷೆ ಈ ವರ್ಷ ಸಿಕ್ಕಿಲ್ಲ.

ನಿನ್ನೆ ಮಧ್ಯಾಹ್ನ ಅವಳು ಲ್ಯಾಬಿನಿಂದ ವಿಡಿಯೋ ಫೋನು ಮಾಡಿದಳು. ಒಂದು ತಟ್ಟೆ ತೋರಿಸಿದಳು. ನಡುವೆ ಹಸಿರು ಬೂಷ್ಟು, ಹತ್ತಿಯ ಹಾಗೆ ಉಬ್ಬಿ ನಿಂತಿತ್ತು. ನಾರು ಒಡೆಯುವ ಜಾತಿಯೋ ಅಲ್ಲವೋ ಇನ್ನೂ ತಿಳಿಯಬೇಕಂತೆ, ಆದರೆ ಬಂದಿದೆ, ನಮ್ಮ ಗುಡ್ಡೆಯದೇ. ಅವಳ ದನಿ ಕೇಳಿದರೆ ಹಡೆದವಳ ದನಿ. ನನ್ನ ಬಾಯಿಂದ ಮೊದಲು ಹೊರಟ ಮಾತು ಕೇಳಿ: "ಅಯ್ಯ, ಮೊದಲು ಅದನ್ನು ತಿಕ್ಕಿ ತೊಳಿ."

ಹಿಂದೆ ಎಲ್ಲೋ ನಿಂತಿದ್ದ ದೊಡ್ಡ ಮೇಡಂ ನಕ್ಕದ್ದು ಕೇಳಿಸಿತು. ರೂಪಾಲಿ ನಗಲಿಲ್ಲ. ನನ್ನ ಕೈ ಫೋನಿನೊಳಗಿಂದ ಬಂದುಬಿಡುತ್ತದೇನೋ ಎಂಬಂತೆ, ತಟ್ಟೆಯನ್ನು ಎದೆಗೆ ಅವಚಿಕೊಂಡು ಎರಡು ಹೆಜ್ಜೆ ಹಿಂದಕ್ಕೆ ಸರಿದಳು.